ಪಾಪದ ನಾಯಿ

ನನ್ನ ಮಗಳ ಬಲಗೈಯಲ್ಲಿ, ಹೆಬ್ಬೆರಳು ಮತ್ತು ಮಣಿಕಟ್ಟಿನ ನಡುವೆ, ಒಂದು ಕಲೆ ಇದೆ. ಅವಳು ಏಳು ವರ್ಷದವಳಿದ್ದಾಗ ಬಹ್ರೇನಿನಲ್ಲಿ ನಾವು ಸಾಕಿದ ನಾಯಿ ಕಚ್ಚಿದ್ದು. ಅವಳು ನಾಯಿಯ ಕಿವಿ ಹಿಂಡಿದಳು, ಅದಕ್ಕೇ ಅದು ಕಚ್ಚಿತು ಎಂದು ನಮ್ಮ ಕುಟುಂಬದಲ್ಲಿ ಎಲ್ಲರಿಗೂ ಗೊತ್ತು. ಅವಳ ಮದುವೆಯ ಹಿಂದಿನ ದಿನ, ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರದಲ್ಲಿ, ಅದನ್ನು ಮೈಕು ಹಿಡಿದು ಹೇಳಿ ನೆಂಟರನ್ನೆಲ್ಲ ನಗಿಸಿದವನು ನಾನು. ಅಳಿಯನಿಗೆ, "ಕಿವಿ ಜಾಗ್ರತೆ" ಎಂದೂ ಹೇಳಿದ್ದೆ. ಮಗಳೂ ನಕ್ಕಿದ್ದಳು.

ಅದು ಸುಳ್ಳು. ಅವಳು ಕಿವಿ ಹಿಂಡಲಿಲ್ಲ. ಹಿಂಡಿದಳು ಎಂದು ಮೊದಲು ಹೇಳಿದವನು ನಾನು, ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ನಲವತ್ತು ವರ್ಷಕ್ಕೂ ಮೇಲಾಯಿತು. ನಗಿಸಿದಷ್ಟೇ ಜನರ ಮುಂದೆ ಈಗ ಇದನ್ನು ಹೇಳಬೇಕು. ಅವರಲ್ಲಿ ಅರ್ಧ ಜನ ತೀರಿಕೊಂಡಿದ್ದಾರೆ. ಉಳಿದವರು ಓದಲಿ ಎಂದು ಬರೆಯುತ್ತಿದ್ದೇನೆ.

ನಾನು ಎಸ್‌ಎಸ್‌ಎಲ್‌ಸಿ ಮುಗಿಸಿ, ಮುಂಬಯಿಯಲ್ಲಿ ಕೆಲವು ವರ್ಷ ಇದ್ದು, ಬಹ್ರೇನಿಗೆ ಹೋದವನು. ಅಲ್ಲಿ ಕಟ್ಟಡ ಕಟ್ಟುವ ಒಂದು ಕಂಪನಿಯ ಸ್ಟೋರ್‌ಕೀಪರ್ ಆಗಿದ್ದೆ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ನಾವು ಮಂಗಳೂರು ಕಡೆಯ ಕ್ರಿಶ್ಚಿಯನರು. ಅಲ್ಲಿನ ಸೆಗಯಾ ಎಂಬ ಬಡಾವಣೆಯಲ್ಲಿ ನೆಲಮಟ್ಟದ ಎರಡು ಕೋಣೆಯ ಬಾಡಿಗೆ ಮನೆ, ಹಿಂದುಗಡೆ ಸಿಮೆಂಟಿನ ಪುಟ್ಟ ಅಂಗಳ. ಆ ಅಂಗಳ ಇದ್ದುದರಿಂದಲೇ ನಾಯಿಯ ಮಾತು ಬಂತು.

ನಮ್ಮ ಮ್ಯಾನೇಜರ್ ಇಂಗ್ಲಿಷರವನು, ಬುಸೈತೀನಿನ ಒಂದು ವಿಲ್ಲಾದಲ್ಲಿದ್ದ. ಅವರ ನಾಯಿ ಮರಿ ಹಾಕಿತ್ತು. ಅವರು ಊರಿಗೆ ಮರಳುವ ತಯಾರಿಯಲ್ಲಿದ್ದುದರಿಂದ ಮರಿಗಳನ್ನು ಗುರುತಿನವರಿಗೆ ಕೊಡುತ್ತಿದ್ದರು. ನಾನು ಮಗಳನ್ನು ಕರೆದುಕೊಂಡು ಹೋದೆ. ಬಿಳಿ ಮೈ, ಒಂದು ಕಿವಿ ಮಾತ್ರ ಕಂದು ಬಣ್ಣದ ಗಂಡು ಮರಿಯೊಂದು ಅವಳ ಚಪ್ಪಲಿಯ ಪಟ್ಟಿ ಹಿಡಿದು ಎಳೆಯಿತು. ಅಲ್ಲಿಗೆ ಆಯ್ಕೆ ಮುಗಿಯಿತು. ಮಗಳು ಅದಕ್ಕೊಂದು ಹೆಸರಿಟ್ಟಳು. ಆ ಹೆಸರು ಇಲ್ಲಿ ಬರೆಯುವುದಿಲ್ಲ, ಬರೆಯಲು ಕೈ ಬರುವುದಿಲ್ಲ.

ಮರಿ ಕೊಡುವ ಮೊದಲು ಮ್ಯಾನೇಜರನ ಹೆಂಡತಿ ನಮ್ಮಿಬ್ಬರನ್ನು ನೆಲದ ಮೇಲೆ ಕೂರಿಸಿದಳು. ತಾನೂ ಕಾಲು ಚಾಚಿ ಕೂತು, ಮರಿಯನ್ನು ಮೊಣಕಾಲುಗಳ ನಡುವೆ ಬಿಟ್ಟುಕೊಂಡಳು. ಪಕ್ಕದ ತಟ್ಟೆಯಲ್ಲಿ ಬೇಯಿಸಿದ ಲಿವರಿನ ಸಣ್ಣ ಚೂರುಗಳು. ಕಿವಿ ಮುಟ್ಟುವುದು, ಒಂದು ಚೂರು ಕೊಡುವುದು. ತುಟಿ ಎತ್ತಿ ಹಲ್ಲು ನೋಡುವುದು, ಒಂದು ಚೂರು. ಮುಂಗಾಲಿನ ಉಗುರು ಹಿಡಿಯುವುದು, ಒಂದು ಚೂರು. ಹಿಂಗಾಲಿಗೆ ಕೈ ಹೋದಾಗ ಮರಿ ಗುರ್ ಎಂದಿತು. ಆಕೆ ತಕ್ಷಣ ಕೈ ತೆಗೆದು ಮರಿಗೆ "ಸಾರಿ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, ಕಾಲಿನವರೆಗೆ ಹೋಗದೆ, ತೊಡೆಯ ಮೇಲೆ ಬೆರಳಿಟ್ಟು ಚೂರು ಕೊಟ್ಟಳು. ಆಟದಲ್ಲಿ ಹಲ್ಲು ತಾಗಿಸಿದರೆ ಬೈಯಬೇಡಿ, ಹೊಡೆಯಬೇಡಿ, ಎದ್ದು ಹೋಗಿಬಿಡಿ, ಆಟ ನಿಂತದ್ದು ಏಕೆಂದು ಅದಕ್ಕೇ ತಿಳಿಯುತ್ತದೆ ಎಂದಳು. ಗುರ್ ಎಂದದ್ದಕ್ಕೆ ಮಾತ್ರ ಎಂದೂ ಶಿಕ್ಷೆ ಕೊಡಬೇಡಿ, ಅದು ಬೇಡ ಎಂದು ಹೇಳುವುದು ಹಾಗೆಯೇ ಎಂದು ಎರಡು ಸಲ ಹೇಳಿದಳು.

ನಾನು "ಯೆಸ್ ಮೇಡಂ, ಯೆಸ್ ಮೇಡಂ" ಎನ್ನುತ್ತಿದ್ದೆ. ನಾಯಿಮರಿಗೆ ಸಾರಿ ಹೇಳುವ ಹೆಂಗಸನ್ನು ಅದುವರೆಗೆ ನೋಡಿರಲಿಲ್ಲ. ಇದನ್ನು ಗೆಳೆಯರಿಗೆ ಹೇಳಿ ನಗಬೇಕು ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ಮಗಳು ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಮೊದಲ ವಾರ ಮಗಳು ಹಾಗೆಯೇ ಮಾಡಿದಳು. ಶಾಲೆಯಿಂದ ಬಂದವಳೇ ಅಂಗಳದಲ್ಲಿ ಕೂತು, ಒಂದು ಕೈಯಲ್ಲಿ ಕಿವಿ, ಇನ್ನೊಂದು ಕೈಯಲ್ಲಿ ಕೋಳಿಯ ಲಿವರು. ಮರಿ ಅವಳ ಮಡಿಲಲ್ಲಿ ಅಂಗಾತ ಮಲಗಿ ನಾಲ್ಕೂ ಕಾಲು ಕೊಡುತ್ತಿತ್ತು. ಎರಡನೆಯ ವಾರ ನಾನು ಅದನ್ನು ಸ್ನಾನಕ್ಕೆ ಎತ್ತಿಕೊಂಡೆ. ಬಾಲದ ಬುಡ ಉಜ್ಜುವಾಗ ಅದು ಗುರ್ ಎಂದಿತು. ನಾನು ಉಜ್ಜುತ್ತಲೇ ಇದ್ದೆ. ಆಗ ನನ್ನ ಬೆರಳನ್ನು ಬಾಯಲ್ಲಿ ಹಿಡಿಯಿತು. ಕಚ್ಚಲಿಲ್ಲ, ಹಿಡಿದು ಬಿಟ್ಟಿತು ಅಷ್ಟೆ. ನನಗೆ ಸಿಟ್ಟು ಬಂತು.

ನಮ್ಮ ಊರಿನಲ್ಲಿ ನಾಯಿಯನ್ನು ಯಾರೂ ಮುಟ್ಟಿ ಸಾಕುತ್ತಿರಲಿಲ್ಲ. ಹಗಲು ಕಟ್ಟುವುದು, ಕತ್ತಲಾದ ಮೇಲೆ ಬಿಡುವುದು, ಮಿಕ್ಕಿದ ಅನ್ನ ಹಾಕುವುದು. ಅದು ಮನೆಯವರ ಮೇಲೆ ಗುರುಗುಟ್ಟಿದರೆ ಮೂಗಿಗೆ ಒಂದು ಬಿಗಿಯುವುದು. ನಾನು ಕಂಡದ್ದು ಅದನ್ನೇ. ಗುರ್ ಎಂದ ಕೂಡಲೇ ಕೈ ತೆಗೆದರೆ ನಾಯಿ ಗೆದ್ದ ಹಾಗೆ ಎಂಬುದು ನನ್ನ ಲೆಕ್ಕ. ಅಂದಿನಿಂದ ಮರಿಯ ಪಾಠ ನಾನು ವಹಿಸಿಕೊಂಡೆ. ಇಂಗ್ಲಿಷ್ ಪೇಪರನ್ನು ಸುರುಳಿ ಸುತ್ತಿ ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದೆ. ಕಾಲು ಹಿಡಿಯುವುದು, ಅದು ಗುರ್ ಎಂದರೆ ಮೂಗಿನ ಮೇಲೆ ಒಂದು ಏಟು, ಜೊತೆಗೆ ಒಂದು ಮಾತು: "ಮನಿಪಂದೆ!"

ಅದು ತುಳು. ಮಾತಾಡದೆ ಇರು, ಉಸಿರೆತ್ತಬೇಡ ಎಂದು ಅರ್ಥ. ಮಕ್ಕಳನ್ನು ಗದರಿ ಕೂರಿಸುವ ಮಾತು. ನಾವು ಮನೆಯಲ್ಲಿ ಆಡುವುದು ಕೊಂಕಣಿ, ಆಫೀಸಿನಲ್ಲಿ ಇಂಗ್ಲಿಷ್, ಅಲ್ಲಿನ ಅಂಗಡಿಗಳಲ್ಲಿ ಹಿಂದಿ. ಆದರೆ ದನ, ನಾಯಿಗಳ ಜೊತೆ ನನ್ನ ತಂದೆ ತುಳುವಿನಲ್ಲೇ ಮಾತಾಡುತ್ತಿದ್ದರು. ನನಗೂ ಅದೇ ಬಾಯಿಗೆ ಬಂತು. ಇಂಗ್ಲಿಷ್ ಮನೆಯಲ್ಲಿ ಹುಟ್ಟಿದ ಮರಿ ಮೂರು ವಾರದಲ್ಲಿ ಆ ಒಂದು ತುಳು ಶಬ್ದ ಕಲಿಯಿತು. ಆಮೇಲೆ ಅದು ಗುರ್ ಎನ್ನಲೇ ಇಲ್ಲ. ಮಗಳು ಎರಡು ಸಲ, "ಪಪ್ಪಾ, ಆಂಟಿ ಹಾಗೆ ಹೇಳ್ಲಿಲ್ಲ" ಎಂದಳು. ಮೂರನೆಯ ಸಲ ಹೇಳಲಿಲ್ಲ. ಆ ಹೊತ್ತಿಗೆ ಮನಿಪಂದೆ ಎಂದು ಅವಳಿಗೂ ಹೇಳಿದ್ದೆ.

ಮರಿ ದೊಡ್ಡದಾಯಿತು. ಬಂದವರಿಗೆಲ್ಲ ನಾನು ಪ್ರದರ್ಶನ ಕೊಡುತ್ತಿದ್ದೆ. ಬಾಯಿ ತೆರೆದು ಮುಷ್ಟಿ ಒಳಗಿಡುವುದು, ತುಟಿ ಎತ್ತಿ ಹಲ್ಲು ಎಣಿಸುವುದು, ತಿನ್ನುವಾಗ ತಟ್ಟೆ ಎಳೆಯುವುದು. ನಾಯಿ ಕಲ್ಲಿನ ಹಾಗೆ ನಿಲ್ಲುತ್ತಿತ್ತು. "ಎಷ್ಟು ಪಾಪದ ನಾಯಿ ಮಾರಾಯ!" ಎನ್ನುತ್ತಿದ್ದರು ಎಲ್ಲರೂ. ನಮ್ಮ ಕಡೆಯ ಕನ್ನಡದಲ್ಲಿ ಪಾಪದ್ದು ಎಂದರೆ ಸಾಧು, ಯಾರ ತಂಟೆಗೂ ಹೋಗದ್ದು. ನನ್ನನ್ನೂ ಆಫೀಸಿನಲ್ಲಿ ಪಾಪದವ ಎಂದೇ ಕರೆಯುತ್ತಿದ್ದರು. ಘಟ್ಟದ ಮೇಲಿನವರು ಕೇಳಿದರೆ ಆ ಶಬ್ದಕ್ಕೆ ಬೇರೆ ಅರ್ಥ ಮಾಡಿಕೊಳ್ಳುತ್ತಾರೆ. ಈಗ ನೋಡಿದರೆ ಅವರ ಅರ್ಥವೇ ಸರಿ.

ಅನುಮಾನ ಬಂದದ್ದು ಒಬ್ಬರಿಗೆ ಮಾತ್ರ. ನಮ್ಮ ಗಲ್ಲಿಯ ತಿರುವಿನಲ್ಲಿ ಉಳ್ಳಾಲದ ಕಡೆಯ ಬ್ಯಾರಿಯೊಬ್ಬರ ಕೋಲ್ಡ್ ಸ್ಟೋರ್ ಇತ್ತು. ಬಹ್ರೇನಿನಲ್ಲಿ ದಿನಸಿ ಅಂಗಡಿಗೆ ಹಾಗೆ ಹೆಸರು. ಅವರು ಮೊಟ್ಟೆ ಕೊಡಲು ಮನೆಗೆ ಬಂದರೆ ಬಾಗಿಲಾಚೆಯೇ ನಿಲ್ಲುತ್ತಿದ್ದರು. ನಮಾಜಿಗೆ ಕೈಕಾಲು ತೊಳೆದಿರುತ್ತಿದ್ದರು, ನಾಯಿಯ ಮೂಗು ತಾಗಿದರೆ ಎಲ್ಲ ಮತ್ತೆ ತೊಳೆಯಬೇಕು. ನಮ್ಮ ಕಡೆ ಕ್ರಿಶ್ಚಿಯನರನ್ನು ಪೊರ್ಬುಗಳು ಎನ್ನುವುದುಂಟು, ಅವರೂ ನನ್ನನ್ನು ಹಾಗೆಯೇ ಕರೆಯುತ್ತಿದ್ದರು. ಒಂದು ದಿನ ಅಲ್ಲೇ ನಿಂತು ಕೇಳಿದರು:

"ಎಂತ ಪೊರ್ಬುಗಳೇ, ನಿಮ್ಮ ನಾಯಿಯ ನಾಲಗೆ ಬಿದ್ದುಹೋಯ್ತಾ?"

"ಕಲಿಸಿದ್ದೇನೆ ಬ್ಯಾರಿಗಳೇ. ನಿಮ್ಮ ಹಾಗೆ ಇಡೀ ದಿನ ಬಾಯಿ ಬಡಿಯುದಿಲ್ಲ."

"ಮೊದಲು ಗುರ್ ಅಂತಿತ್ತು. ಎಲ್ಲಿ ನಿಲ್ಬೇಕು ಅಂತ ನಂಗೆ ಗೊತ್ತಾಗ್ತಿತ್ತು. ಈಗ ಸುಮ್ನೆ ನೋಡ್ತದೆ. ನಂಗೆ ಈಗ್ಲೇ ಹೆಚ್ಚು ಹೆದ್ರಿಕೆ ಆಗುದು ಮಾರಾಯ್ರೆ."

"ನಿಮ್ಗೆ ಬೆಕ್ಕು ಕಂಡ್ರೂ ಹೆದ್ರಿಕೆ."

"ತಮಾಷೆ ಅಲ್ಲ. ಅದರ ಕಣ್ಣು ನೋಡಿ ಒಮ್ಮೆ."

ನಾನು ನೋಡಲಿಲ್ಲ. ಮೊಟ್ಟೆ ತೆಗೆದುಕೊಂಡು, ಎರಡು ಒಡೆದಿವೆ ಎಂದು ಜಗಳ ತೆಗೆದೆ.

ಆ ವರ್ಷದ ಆಗಸ್ಟಿನಲ್ಲಿ ಗಾಳಿಯೇ ಒದ್ದೆ ಬಟ್ಟೆಯ ಹಾಗಿತ್ತು. ನಾಯಿಯ ಕಂದು ಕಿವಿಯೊಳಗೆ ಕೀವಾಯಿತು. ತಲೆ ಕೊಡವುವುದು, ಕಿವಿಯನ್ನು ಗೋಡೆಗೆ ಉಜ್ಜುವುದು, ಹತ್ತಿರ ಹೋದರೆ ವಾಸನೆ. "ಡಾಕ್ಟರಿಗೆ ತೋರಿಸಿ" ಎಂದು ಹೆಂಡತಿ ಮೂರು ದಿನ ಹೇಳಿದಳು. ಶುಕ್ರವಾರ ಕಳೆಯಲಿ ಎಂದೆ. ಆ ಶುಕ್ರವಾರ, ಅಲ್ಲಿನ ವಾರದ ರಜೆಯ ದಿನ, ನಮ್ಮಲ್ಲಿ ಊಟವಿತ್ತು. ಮಗಳು ಇಗರ್ಜಿಯಲ್ಲಿ ಮೊದಲ ಸಲ ಪ್ರಸಾದ ಸ್ವೀಕರಿಸಿದ ದಿನ. ಪೂಜೆ ಮುಗಿಸಿ ಹತ್ತು ಹನ್ನೆರಡು ಮಂದಿ ಬಂದಿದ್ದರು. ಹೆಂಡತಿ ಅಡುಗೆಮನೆಯಲ್ಲಿ ಹಬೆಯಿಂದ ಇಡ್ಲಿಯಂಥ ಸಾನ್ನ ತೆಗೆಯುತ್ತಿದ್ದಳು. ಮಗಳು ಬಿಳಿ ಫ್ರಾಕಿನಲ್ಲಿದ್ದಳು. ನಾನು ನಾಯಿಯ ವಿಷಯ ಶುರುಮಾಡಿದೆ.

"ನನ್ನ ಕೈಯಲ್ಲಿ ಮಾತ್ರ ಅಲ್ಲ, ಈ ಏಳು ವರ್ಷದ ಹುಡುಗಿಯ ಕೈಯಲ್ಲೂ ಹಾಗೇ ನಿಲ್ತದೆ. ಹೋಗಮ್ಮ, ಅದರ ಕಿವಿ ಎತ್ತಿ ತೋರಿಸು."

ಮಗಳು ನಾಯಿಯ ಮುಖ ನೋಡಿದಳು. "ಪಪ್ಪಾ, ಅದಕ್ಕೆ ಬೇಡ ಅಂತೆ."

"ಯಾರು ಹೇಳಿದ್ದು ನಿಂಗೆ?"

"ಅದೇ."

ಎಲ್ಲರೂ ನಕ್ಕರು. ಆಫೀಸಿನ ಗೆಳೆಯನೊಬ್ಬ, "ನಾಯಿಗೆ ಕೊಂಕಣಿ ಬರ್ತದಾ ಮಗಾ?" ಎಂದ. ಆ ನಗು ನನ್ನ ಮೇಲೆ ಎಂದು ನನಗೆ ಅನಿಸಿತು. "ಹೇಳಿದಷ್ಟು ಮಾಡು" ಎಂದೆ. ನಾಯಿ ಮುಖ ತಿರುಗಿಸಿ, ತುಟಿ ನೆಕ್ಕಿಕೊಂಡಿತು. ಕಣ್ಣಿನ ಬಿಳಿ ಕಾಣಿಸಿತು. ಇದೆಲ್ಲ ನಾನು ಕಂಡದ್ದೇ, ಈಗ ನೆನಪಿಸಿಕೊಂಡು ಸೇರಿಸುತ್ತಿರುವುದಲ್ಲ. ನಾನು "ಮನಿಪಂದೆ" ಎಂದೆ. ಮಗಳು ಕೈ ಮುಂದೆ ಮಾಡಿದಳು. ಬೆರಳು ಕಿವಿಗೆ ತಾಗುವ ಮೊದಲೇ ಅದು ಕಚ್ಚಿತು. ಗುರ್ ಎನ್ನಲಿಲ್ಲ, ಬೊಗಳಲಿಲ್ಲ. ಕಚ್ಚಿ, ಬಿಟ್ಟು, ಗೋಡೆಯ ಮೂಲೆಗೆ ಹೋಗಿ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು.

ಫ್ರಾಕಿಗೆ ರಕ್ತ ಆಯಿತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು ಮಗಳಿಗೆ ಹೇಳಿದ ಮೊದಲ ಮಾತು, "ನೀನು ಕಿವಿ ಹಿಂಡಿದ್ದಿ."

"ಇಲ್ಲ ಪಪ್ಪಾ."

"ಹಿಂಡಿದ್ದಿ. ನಾನು ನೋಡಿದೆ."

ಅವಳು ಮತ್ತೆ ಇಲ್ಲ ಎನ್ನಲಿಲ್ಲ. ಹೆಂಡತಿ ಓಡಿ ಬಂದು, ಗಾಯವನ್ನು ನಲ್ಲಿಯ ಕೆಳಗೆ ಹಿಡಿದು, ಸಾಬೂನು ಹಾಕಿ ತುಂಬ ಹೊತ್ತು ತೊಳೆದಳು. ಆಮೇಲೆ ಆಸ್ಪತ್ರೆ, ಇಂಜೆಕ್ಷನ್, ಎರಡು ಹೊಲಿಗೆ. ವಾಪಸು ಬರುವಾಗ ಮಗಳು ಕಾರಿನ ಹಿಂದಿನ ಸೀಟಿನಲ್ಲಿ ಅಮ್ಮನಿಗೆ, "ನಾನು ಜೋರಾಗಿ ಹಿಂಡ್ಲಿಲ್ಲ ಮಮ್ಮಿ" ಎಂದಳು. ಜೋರಾಗಿ ಹಿಂಡಲಿಲ್ಲ! ನನ್ನ ಮಾತು ಅವಳ ಬಾಯಿಗೆ ಬರಲು ಎರಡು ಗಂಟೆ ಕೂಡ ಹಿಡಿಯಲಿಲ್ಲ. ನಾನು ಸ್ಟೀರಿಂಗ್ ಹಿಡಿದು ರಸ್ತೆ ನೋಡುತ್ತಿದ್ದೆ.

ನಾಯಿಗೆ ಹುಚ್ಚಿಲ್ಲವೆಂದು ಖಾತ್ರಿಯಾಗಲು ಹತ್ತು ದಿನ ಕಟ್ಟಿಹಾಕಿ ನೋಡಬೇಕು ಎಂದು ಹೆಂಡತಿ ಹೇಳಿದಳು. ನಾಯಿಗೆ ಏನೂ ಆಗಲಿಲ್ಲ. ಕಟ್ಟಿದಲ್ಲಿಂದಲೇ ಮಗಳನ್ನು ಕಂಡು ಬಾಲ ಅಲ್ಲಾಡಿಸುತ್ತಿತ್ತು. ಅವಳು ಹತ್ತಿರ ಹೋಗದೆ ದೂರದಿಂದಲೇ, "ಸಾರಿ" ಎಂದು ಹೇಳುವುದನ್ನು ಒಮ್ಮೆ ಕೇಳಿದೆ. ಹನ್ನೊಂದನೆಯ ದಿನ ನಾಯಿಯನ್ನು ಆಫೀಸಿನ ಪಿಕಪ್‌ನಲ್ಲಿ ಹತ್ತಿಸಿ ಪಶುವೈದ್ಯರಲ್ಲಿಗೆ ಹೋದೆ. ಕಿವಿ ತೋರಿಸಲು ಎಂದು ಮನೆಯಲ್ಲಿ ಹೇಳಿದ್ದೆ.

ಡಾಕ್ಟರು ಸುಡಾನಿನವರು, ವಯಸ್ಸಾದವರು, ಅವಸರವಿಲ್ಲದ ಮನುಷ್ಯ. ಮಗುವನ್ನು ಕಚ್ಚಿದೆ, ಮನೆಯಲ್ಲಿ ಇಟ್ಟುಕೊಳ್ಳಲಾಗುವುದಿಲ್ಲ, ಇಂಜೆಕ್ಷನ್ ಕೊಟ್ಟುಬಿಡಿ ಎಂದೆ. ಅವರು ನಾಯಿಯ ಬೆನ್ನ ಮೇಲೆ ಕೈ ಇಟ್ಟು ಒಂದೆರಡು ಪ್ರಶ್ನೆ ಕೇಳಿದರು. ಕಚ್ಚುವ ಮೊದಲು ಗುರ್ ಎಂದಿತೇ? ಇಲ್ಲ ಎಂದೆ. ಯಾವತ್ತಾದರೂ ಎನ್ನುತ್ತಿತ್ತೇ? ಯಾವತ್ತೂ ಇಲ್ಲ ಎಂದೆ. ಈ ಕಿವಿ ಕಚ್ಚುವ ಮೊದಲೇ ಹೀಗಿತ್ತೇ, ಆಮೇಲೆ ಹೀಗಾಯಿತೇ? ಗೊತ್ತಿಲ್ಲ ಎಂದೆ. ಕಿವಿ ನೋವಿನಿಂದ ಕಚ್ಚಿದ್ದಾದರೆ ಮದ್ದು ಕೊಡಬಹುದು, ಎಚ್ಚರಿಕೆಯನ್ನೇ ಕೊಡದೆ ಕಚ್ಚುವ ನಾಯಿಯಾದರೆ ಮಗು ಇರುವ ಮನೆಗೆ ವಾಪಸು ಕಳಿಸಲು ತನಗೂ ಧೈರ್ಯವಿಲ್ಲ ಎಂದರು. ಎಲ್ಲ ನನ್ನ ಒಂದು ಮಾತಿನ ಮೇಲಿತ್ತು. ಕಿವಿ ಮೊದಲೇ ಹುಣ್ಣಾಗಿತ್ತು, ಗುರ್ ಎನ್ನುವುದನ್ನು ಹೊಡೆದು ಬಿಡಿಸಿದವನು ನಾನು ಎಂದರೆ ಸಾಕಿತ್ತು. ಹೇಳಲಿಲ್ಲ. ಅದನ್ನು ಮನೆಗೆ ವಾಪಸು ತಂದರೆ, ಕಿವಿಯ ಮದ್ದಿನ ಜೊತೆ ಆ ಶುಕ್ರವಾರದ ನಿಜವೂ ಮನೆಗೆ ಬರುತ್ತಿತ್ತು.

ಮೇಜಿನ ಮೇಲೆ ಅದನ್ನು ಹಿಡಿದುಕೊಳ್ಳಲು ಹೇಳಿದರು. ಹಿಡಿದೆ. ಅದು ತುಟಿ ನೆಕ್ಕಿಕೊಂಡು ಮುಖ ತಿರುಗಿಸಿತು. ಸೂಜಿ ಚುಚ್ಚುವಾಗಲೂ ಸದ್ದು ಮಾಡಲಿಲ್ಲ. ಅಲ್ಲಿನ ಪಾಕಿಸ್ತಾನಿ ಕೆಲಸಗಾರ, "ಬಹುತ್ ಶರೀಫ್ ಜಾನ್ವರ್ ಹೈ" ಎಂದ. ತುಂಬ ಮರ್ಯಾದಸ್ಥ ಪ್ರಾಣಿ ಎಂದು.

ಮನೆಗೆ ಬಂದು, ನಾಯಿಯನ್ನು ಬುದಯ್ಯದ ಕಡೆ ಒಂದು ತೋಟಕ್ಕೆ ಕೊಟ್ಟೆ ಎಂದು ಹೇಳಿದೆ. ಖರ್ಜೂರದ ಮರಗಳಿವೆ, ನೀರಿನ ತೊಟ್ಟಿ ಇದೆ, ಓಡಾಡಲು ಬೇಕಾದಷ್ಟು ಜಾಗ ಇದೆ ಎಂದು ವರ್ಣಿಸಿದೆ. ಮಗಳು ಎರಡು ವರ್ಷ ಕೇಳುತ್ತಿದ್ದಳು, ಒಮ್ಮೆ ನೋಡಿ ಬರೋಣ ಎಂದು. ಅದಕ್ಕೆ ಈಗ ಹೊಸ ಅಭ್ಯಾಸ ಆಗಿರುತ್ತದೆ, ನಿನ್ನನ್ನು ಕಂಡರೆ ಹೆದರಬಹುದು ಎಂದೆ. ಅಲ್ಲಿಗೆ ಕೇಳುವುದನ್ನು ನಿಲ್ಲಿಸಿದಳು. ಹೆಂಡತಿ ಒಮ್ಮೆ ಮಾತ್ರ ಕೇಳಿದಳು, "ನಿಜವಾಗ್ಲೂ ಹಿಂಡಿದ್ಳಾ ಅವ್ಳು?" "ನಾನು ನೋಡಿದ್ದೇನಲ್ಲ" ಎಂದೆ. ಅವಳು ತೀರಿಕೊಂಡು ಆರು ವರ್ಷವಾಯಿತು. ಅವಳಿಗೆ ಹೇಳಲು ಆಗಲಿಲ್ಲ.

ನಾನು ಪಾಪನಿವೇದನೆಗೆ ತಪ್ಪದೆ ಹೋಗುವವನು. ಪ್ರತಿ ಸಲ ಪಾದ್ರಿಗಳ ಕಿವಿಯಲ್ಲಿ, "ಸುಳ್ಳು ಹೇಳಿದ್ದೇನೆ" ಎಂದಿದ್ದೇನೆ. ಯಾವ ಸುಳ್ಳು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅವರು ಕೊಟ್ಟ ಪ್ರಾರ್ಥನೆಗಳನ್ನು ಹೇಳಿ ಹಗುರಾಗಿ ಮನೆಗೆ ಬರುತ್ತಿದ್ದೆ. ಬಂದು, ಯಾರಾದರೂ ನೆಂಟರಿದ್ದರೆ, ಕಿವಿ ಹಿಂಡಿದ ಕತೆಯನ್ನು ಮತ್ತೆ ಹೇಳುತ್ತಿದ್ದೆ.

ಈಗ ನಾನು ಮಂಗಳೂರಿನಲ್ಲಿ ಮಗಳ ಮನೆಯಲ್ಲೇ ಇದ್ದೇನೆ. ಕಳೆದ ತಿಂಗಳು ಮೊಮ್ಮಗಳು ಬೀದಿಯಿಂದ ಒಂದು ಮರಿ ಎತ್ತಿಕೊಂಡು ಬಂದಳು. ನಾಯಿಯೆಂದರೆ ದೂರ ನಿಲ್ಲುತ್ತಿದ್ದ ಮಗಳು ಎರಡು ದಿನ ಬೇಡವೆಂದಳು. ಮೂರನೆಯ ದಿನ ಚಾವಡಿಯಲ್ಲಿ ಕಾಲು ಚಾಚಿ ಕೂತು, ಮರಿಯನ್ನು ಮೊಣಕಾಲುಗಳ ನಡುವೆ ಬಿಟ್ಟುಕೊಂಡಿದ್ದಳು. ಕೈಯಲ್ಲಿ ಬಾಚಣಿಗೆ, ಪಕ್ಕದಲ್ಲಿ ತಟ್ಟೆ. ತಟ್ಟೆಯಲ್ಲಿ ಲಿವರಿನ ಚೂರು. ನಾನು ಆರಾಮ ಕುರ್ಚಿಯಲ್ಲಿ ಪೇಪರು ಓದುತ್ತಿದ್ದೆ. ಬಾಚಣಿಗೆ ಹೊಟ್ಟೆಗೆ ತಾಗಿದಾಗ ಮರಿ ಗುರ್ ಎಂದಿತು. ನನ್ನ ಕೈ ತಾನಾಗಿ ಪೇಪರು ಸುತ್ತಿತು, ಬಾಯಿ ತಾನಾಗಿ "ಮನಿಪಂದೆ" ಎಂದಿತು.

ಮರಿಗೆ ಏನೂ ಅರ್ಥವಾಗಲಿಲ್ಲ. ಬೆಚ್ಚಿದವಳು ಮಗಳು. ಐವತ್ತು ದಾಟಿದ ಹೆಂಗಸು, ಬಾಚಣಿಗೆ ಕೆಳಗಿಟ್ಟು ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಮೆಲ್ಲಗೆ, "ಅದು ಹೇಳ್ಲಿ ಪಪ್ಪಾ, ಬಿಡಿ" ಎಂದಳು.

ಆಗ ಹೇಳಿದೆ. ನೀನು ಕಿವಿ ಹಿಂಡಲಿಲ್ಲ, ಮುಟ್ಟಲೂ ಇಲ್ಲ, ನಾನು ನೋಡಿದ್ದು ಅದನ್ನೇ ಎಂದೆ. ಅವಳು ಬಲಗೈಯ ಎರಡು ಬೆರಳು ಜೋಡಿಸಿ ನೋಡಿಕೊಂಡಳು.

"ಆದ್ರೆ ನಂಗೆ ನೆನಪುಂಟಲ್ಲ ಪಪ್ಪಾ. ಈ ಎರಡು ಬೆರಳಲ್ಲಿ ಹಿಂಡಿದ್ದು. ಕಿವಿ ಬಿಸಿ ಇತ್ತು. ನಂಗೆ ಸರೀ ನೆನಪುಂಟು."

"ಅದು ನಿನ್ನ ನೆನಪಲ್ಲ. ನಾನು ಹೇಳಿ ಹೇಳಿ ಮಾಡಿದ್ದು."

ಇದಕ್ಕೆ ನಾನು ತಯಾರಾಗಿರಲಿಲ್ಲ. ಸುಳ್ಳನ್ನು ವಾಪಸು ತೆಗೆದುಕೊಂಡರೆ ಮುಗಿಯಿತು ಎಂದುಕೊಂಡಿದ್ದೆ. ಅದು ಅವಳ ಬೆರಳಿನೊಳಗೆ ಹೋಗಿ ಕೂತಿತ್ತು.

"ಹಾಗಾದ್ರೆ ಬುದಯ್ಯ?" ಎಂದು ಕೇಳಿದಳು.

ಅದನ್ನೂ ಹೇಳಿದೆ. ಡಾಕ್ಟರು ಕೇಳಿದ ಪ್ರಶ್ನೆಗಳನ್ನೂ, ನಾನು ಕೊಟ್ಟ ಉತ್ತರಗಳನ್ನೂ ಒಂದೂ ಬಿಡದೆ ಹೇಳಿದೆ. ಅವಳು ಮರಿಯನ್ನು ಎತ್ತಿಕೊಂಡು ಒಳಗೆ ಹೋದಳು. ಅಂದು ಊಟಕ್ಕೆ ಮೊಮ್ಮಗಳು ಕರೆದಳು. ಆಮೇಲೆ ನಾಲ್ಕು ದಿನ ಮಗಳು ಬೇಕಾದಷ್ಟೇ ಮಾತಾಡಿದಳು. ಮದ್ದು ತಗೊಂಡ್ರಾ, ಫ್ಯಾನ್ ಹಾಕಬೇಕಾ, ಅಷ್ಟೇ. ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ಅವಳು ಹೌದು ಎನ್ನಬೇಕಾಗುತ್ತದೆ. ಅವಳಿಂದ ಒತ್ತಾಯದಲ್ಲಿ ಮಾಡಿಸಿದ್ದು ಸಾಕು.

ಐದನೆಯ ದಿನ ಬೆಳಿಗ್ಗೆ ನನ್ನ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ತಟ್ಟೆ ತಂದಿಟ್ಟಳು. ಅಲ್ಲಿದ್ದ ಪೇಪರನ್ನು ತೆಗೆದುಕೊಂಡು ಹೋದಳು. "ದಿನಾ ಎರಡು ನಿಮಿಷ, ಸಾಕು. ಗುರ್ ಅಂದ್ರೆ ನಿಲ್ಲಿಸಿ" ಎಂದಳು.

ನನಗೆ ನೆಲದ ಮೇಲೆ ಕೂರಲು ಆಗುವುದಿಲ್ಲ. ಕುರ್ಚಿಯಲ್ಲೇ ಕೂತು, ಬಗ್ಗಿ, ಕಿವಿ ಮುಟ್ಟಿ ಒಂದು ಚೂರು, ಕಾಲು ಮುಟ್ಟಿ ಒಂದು ಚೂರು ಕೊಡುತ್ತೇನೆ. ಕೈ ನಡುಗುವುದರಿಂದ ಮರಿಗೆ ಮೊದಲು ಸಂಶಯವಿತ್ತು, ಈಗ ಸ್ವಲ್ಪ ಕಡಿಮೆ. ನಿನ್ನೆ ಹಿಂಗಾಲಿನ ಉಗುರು ಹಿಡಿದಾಗ ಅದು ಚೆನ್ನಾಗಿ ಕೇಳಿಸುವ ಹಾಗೆ ಗುರ್ ಎಂದಿತು. ಕೈ ತೆಗೆದೆ.

ಒಳಗಿನಿಂದ ಮಗಳು ಕೇಳಿದಳು, "ಎಂತ ಪಪ್ಪಾ, ಎಂತ ಹೇಳ್ತದೆ ಅದು?"

"ಬೇಡ ಅಂತೆ" ಎಂದೆ.